ಬಟನ್ ಅಂಕಲ್ ಗುರು ಹುಡುಕಿದ ವರ್ಷ

ನನಗೆ ಚೌಕಾಸಿ ಕಲಿಸಿದವರು ಕಳೆದ ತಿಂಗಳು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಮಗ ಫೋನ್ ಮಾಡಿ ತಿಳಿಸಿದ. ಫೋನಿಟ್ಟು ಗಲ್ಲಾಪೆಟ್ಟಿಗೆಯ ಹಿಂದೆ ಹಾಗೇ ಕುಳಿತಿದ್ದೆ. ಗಿರಾಕಿಯೊಬ್ಬ ಬಂದು ಪರದೆ ಬಟ್ಟೆಯ ರೇಟು ಕೇಳಿದ, ಹೇಳಿದೆ. ಕಡಿಮೆ ಮಾಡಿ ಅಂದ, ಮಾಡಿಬಿಟ್ಟೆ. ದುಬೈಯ ದೇರಾದ ಈ ಅಂಗಡಿಯಲ್ಲಿ ಒಂದೇ ಮಾತಿಗೆ ನಾನು ರೇಟು ಇಳಿಸಿದ್ದು ಅದೇ ಮೊದಲು. ಅಂಗಡಿಯ ಕೆಲಸದವರು ಮುಖ ಮುಖ ನೋಡಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅವರಿಗೆ ಹೆಸರು ಬೋರ್ಡಿನ ಮೇಲೆ ಬರುವುದು ಇಷ್ಟವಿರಲಿಲ್ಲ. ಬಟನ್, ಝಿಪ್ಪು, ಲೇಸು, ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆ, ಹೀಗೆ ಟೈಲರ್‌ಗಳಿಗೆ ಬೇಕಾದ ಚಿಲ್ಲರೆ ಮಾಲಿನ ಕಂಪನಿಯೊಂದಕ್ಕೆ ಅವರು ಮ್ಯಾನೇಜರು. ದೇರಾದ ಬಟ್ಟೆ ಬಜಾರಿನಲ್ಲಿ ಎಲ್ಲರಿಗೂ ಬಟನ್ ಅಂಕಲ್. ಹುಟ್ಟಿದ್ದು ಬೆಂಗಳೂರು ಕಂಟೋನ್ಮೆಂಟಿನಲ್ಲಿ. ಅವರ ಅಜ್ಜನ ಕಾಲದಲ್ಲಿ ಬಾಗ್ದಾದಿನಿಂದ ಬಂದ ಯಹೂದಿ ಕುಟುಂಬ. ಹಾಗೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವರಿಗೆ ಕನ್ನಡ ಬರುತ್ತದೆ ಎಂಬುದು ಮಾತ್ರ ಮೊದಲ ದಿನವೇ ತಿಳಿಯಿತು, ಅದೂ ನನ್ನ ಮಾನ ಹೋಗುವ ರೀತಿಯಲ್ಲಿ.

ಆಗ ನಾನು ಇನ್ನೊಬ್ಬರ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ಬಂಟ್ವಾಳದ ಕಡೆಯ ಬ್ಯಾರಿ ಹುಡುಗ, ಬಾಯಿ ಜೋರು. ಬಿಳಿ ಅರ್ಧ ತೋಳಿನ ಶರ್ಟು ಹಾಕಿದ, ಕೆಂಪು ಮುಖದ ಮುದುಕರೊಬ್ಬರು ಬಂದು ಥಾನುಗಟ್ಟಲೆ ಬಟ್ಟೆ ಬಿಚ್ಚಿಸಿ ಸುಮ್ಮನೆ ನೋಡುತ್ತ ನಿಂತರು. ಪಕ್ಕದಲ್ಲಿದ್ದ ಉಡುಪಿಯವನಿಗೆ ನಾನು, "ಈ ಅಜ್ಜ ಎಂತದೂ ತೆಗೊಳ್ಳುವ ಜನ ಅಲ್ಲ ಮಾರಾಯ, ಎಸಿಯ ತಂಪಿಗೆ ಬಂದದ್ದು" ಅಂದೆ.

ಮುದುಕರು ಬಟ್ಟೆಯಿಂದ ಕಣ್ಣು ತೆಗೆಯದೆ, "ತಗೋತೀನಿ ಕಣೋ. ಮೊದ್ಲು ಒಂದ್ ಕುರ್ಚಿ ಕೊಡು, ಕಾಲ್ ನೋಯ್ತಿದೆ" ಅಂದರು.

ಆ ಕುರ್ಚಿಯಿಂದ ಶುರುವಾದದ್ದು ನಮ್ಮ ಸಂಬಂಧ. ಅವರು ನನ್ನನ್ನು ಕೊನೆಯವರೆಗೂ 'ಬ್ಯಾರಿ' ಎಂದೇ ಕರೆದರು. ಬೇರೆಯವರು ಹಾಗೆ ಕರೆದರೆ ಅದರಲ್ಲಿ ಸ್ವಲ್ಪ ಕೊಂಕು ಇರುತ್ತದೆ. ಅವರ ಬಾಯಲ್ಲಿ ಅದು ಮನೆಯ ಹೆಸರಿನ ಹಾಗಿತ್ತು.

ಚೌಕಾಸಿ ಕಲಿಸಿದರು ಅಂದೆನಲ್ಲ, ಅದನ್ನು ಹೇಳಬೇಕು. ಒಮ್ಮೆ ಅವರ ಮನೆಗೊಂದು ಕಾರ್ಪೆಟ್ ಬೇಕಾಗಿ ಅಬುಧಾಬಿಯ ಅಲ್ ಮೀನಾ ಮಾರ್ಕೆಟಿಗೆ ನನ್ನನ್ನೂ ಕರೆದೊಯ್ದರು. ಬಂದರಿನ ಪಕ್ಕ, ಒಂದು ಕಡೆ ಮೀನು, ಒಂದು ಕಡೆ ತರಕಾರಿ, ಇನ್ನೊಂದು ಕಡೆ ಸಾಲಾಗಿ ಕಾರ್ಪೆಟ್ ಅಂಗಡಿಗಳು. ಅಂಗಡಿಯವನು ಪಠಾಣ. ನಾನು ನನ್ನ ಬುದ್ಧಿ ತೋರಿಸಲು ಹೊರಟು, ಬಣ್ಣ ಹೋಗುತ್ತದೆ, ಅಂಚು ಓರೆಯಾಗಿದೆ, ಪಕ್ಕದ ಅಂಗಡಿಯಲ್ಲಿ ಇದರ ಅರ್ಧ ರೇಟು ಎಂದೆಲ್ಲ ಬಡಬಡಿಸಿದೆ. ಪಠಾಣ ನನ್ನ ಒಂದೊಂದು ಮಾತಿಗೂ ಎರಡೆರಡು ಉತ್ತರ ಕೊಟ್ಟ. ಅಂಕಲ್ ಸುರುಳಿ ಸುತ್ತಿಟ್ಟ ಕಾರ್ಪೆಟ್ಟಿನ ಮೇಲೆ ಕೂತು, ಕೊಟ್ಟ ಸುಲೈಮಾನಿ ಚಹಾ ಕುಡಿಯುತ್ತ ತಮಗೆ ಬೇಕಾದ ಕಾರ್ಪೆಟ್ಟನ್ನೇ ನೋಡುತ್ತಿದ್ದರು. ರೇಟು ಹೇಳಿದ, ಇವರು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಇಳಿಸಿದ. ಇವರು ಚಹಾ ಗುಟುಕರಿಸಿದರು. ಅವನೇ ಮತ್ತೆ ಇಳಿಸಿ, "ಈಗಲಾದರೂ ಏನಾದರೂ ಹೇಳಿ ಚಾಚಾ" ಎಂದು ಹಿಂದಿಯಲ್ಲಿ ಬೇಡಿಕೊಂಡ.

ವಾಪಸು ಬರುವಾಗ ಕಾರಿನಲ್ಲಿ ನನಗೆ ಹೇಳಿದರು, "ನೀನು ಅವ್ನ ಜೊತೆ ಜಗಳ ಆಡ್ದೆ ಬ್ಯಾರಿ. ನಾನು ಅವನ್ನ ಅವ್ನ ಜೊತೆನೇ ಜಗಳ ಆಡೋಕ್ ಬಿಟ್ಟೆ."

ವ್ಯಾಪಾರಕ್ಕೆ ಇಳಿಯುವ ನಮ್ಮ ಹುಡುಗರಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ರೇಟು ಕೇಳಿದ ಮೇಲೆ ಬಾಯಿ ಮುಚ್ಚಿ ಕೂರಲು ಬಂದರೆ ಅರ್ಧ ವ್ಯಾಪಾರ ಕಲಿತ ಹಾಗೆ. ನನ್ನ ಸ್ವಂತ ಅಂಗಡಿ ಎದ್ದು ನಿಂತದ್ದು ಈ ಪಾಠದ ಮೇಲೆಯೇ.

ಅವರ ಬಾಯಿ ಮುಚ್ಚುವ ವಿದ್ಯೆಗೆ ಇನ್ನೊಂದು ಮುಖವಿದೆ ಎಂದು ತಿಳಿದದ್ದು ನನ್ನ ಬಾಪ ತೀರಿಕೊಂಡಾಗ. ನಾವು ತಂದೆಯನ್ನು ಬಾಪ ಎನ್ನುತ್ತೇವೆ. ವೀಸಾ ಬದಲಾಯಿಸಲು ಕೊಟ್ಟಿದ್ದ ಪಾಸ್‌ಪೋರ್ಟ್ ಕೈಗೆ ಬಂದಿರಲಿಲ್ಲ, ಊರಿಗೆ ಹೋಗಲಾಗಲಿಲ್ಲ. ಬೆಳಿಗ್ಗೆ ಸುದ್ದಿ ಬಂತು, ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಅಲ್ಲಿ ದಫನವೂ ಆಯಿತು. ನಾನು ದೇರಾದ ಶೇರಿಂಗ್ ಕೋಣೆಯ ಬಂಕ್ ಮಂಚದ ಮೇಲೆ ಕೂತಿದ್ದೆ. ನಮ್ಮವರೆಲ್ಲ ಬಂದರು, ಪಾಪ, ಎಲ್ಲರದೂ ಒಳ್ಳೆಯ ಮನಸ್ಸು. "ಪ್ರಾಯ ಆಗಿತ್ತಲ್ಲ", "ನೋವು ಇಲ್ಲದೆ ಹೋದ್ರಲ್ಲ", "ಅಲ್ಲಾಹನ ಇಚ್ಛೆ, ಎಂತ ಮಾಡ್ಲಿಕ್ಕಾಗ್ತದೆ". ಪ್ರತಿಯೊಂದಕ್ಕೂ ನಾನು ಹೌದು ಹೌದು ಎನ್ನಬೇಕು. ಹೌದು ಹೌದು ಎಂದು ಹೇಳಿ ಬಾಯಿ ಒಣಗಿತ್ತು.

ಅಂಕಲ್ ಬಂದರು. ಸಲಾಂ ಕೂಡ ಹೇಳಲಿಲ್ಲ. ಎದುರಿನ ಬಂಕಿನ ಕೆಳಗಿನ ಹಾಸಿಗೆಯ ಮೇಲೆ, ತಲೆ ಮೇಲಿನ ಕಬ್ಬಿಣಕ್ಕೆ ಬಡಿಯದ ಹಾಗೆ ಬಗ್ಗಿ ಕೂತರು. ಜನ ಬಂದರು, ಹೋದರು. ಇವರು ಕೂತೇ ಇದ್ದರು. ಕೊನೆಗೆ ಕೋಣೆಯಲ್ಲಿ ನಾವಿಬ್ಬರೇ ಉಳಿದಾಗ ನನ್ನ ಬಾಯಿಂದ ತಾನಾಗಿ ಬಂತು: "ಅಂಕಲ್, ಬಾಪನಿಗೆ ಒಂದು ವಾಚು ತೆಗೆದಿಟ್ಟಿದ್ದೆ."

"ಡಯಲ್ ಯಾವ್ ಕಲರ್ರು?" ಅಂದರು.

ಅಷ್ಟೇ. ಹಸಿರು ಡಯಲ್ಲು, ಬಾಪನಿಗೆ ಹಸಿರೆಂದರೆ ಪ್ರಾಣ, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಟೈಮು ಕೇಳಲಿ ಎಂದು ಕಾಯುವ ಮನುಷ್ಯ, ಎಂದೆಲ್ಲ ಹೇಳುತ್ತ ಹೋದೆ. ಆ ದಿನ ಮೊದಲ ಸಲ ಅತ್ತೆ. ಅವರು ಪೆಟ್ಟಿಗೆ ತೆರೆಸಿ ವಾಚು ನೋಡಿ, ಕಿವಿಗೆ ಹಿಡಿದು, ಮತ್ತೆ ನನ್ನ ಕೈಗೆ ಕೊಟ್ಟು ಹೊರಟರು.

ಎಷ್ಟೋ ದಿನಗಳ ಮೇಲೆ ನಾನು ಕೇಳಿದೆ, "ಅವತ್ತು ಯಾಕೆ ಮಾತೇ ಆಡ್ಲಿಲ್ಲ ನೀವು?"

"ನಮ್ಮಲ್ಲಿ ಹಂಗೇ. ಸಾವಿನ ಮನೆಗೆ ಹೋದೋರು ಮೊದ್ಲು ಮಾತಾಡೋ ಹಾಗಿಲ್ಲ. ಮನೆಯೋರು ಬಾಯ್ ಬಿಡೋವರ್ಗೂ ಕಾಯ್ಬೇಕು. ಬಿಡ್ಲಿಲ್ಲ ಅಂದ್ರೆ ಸುಮ್ನೆ ಎದ್ದು ಬರ್ಬೇಕು."

"ನಮ್ಮಲ್ಲಿ ಅಂದ್ರೆ? ಬೆಂಗಳೂರಲ್ಲಾ?"

ಅವರು ನಕ್ಕು, ಬಾಗಿಲು ಎಳೆದುಕೊಂಡು, ತಾವು ಯಾರು ಎಂದು ಹೇಳಿದರು. ಕೇಳಿ ನನಗೆ ಆಶ್ಚರ್ಯವಾದದ್ದು ನಿಜ. ಮನಸ್ಸಿನ ಯಾವುದೋ ಮೂಲೆಯಲ್ಲಿ ಯಹೂದಿಗಳ ಬಗ್ಗೆ ಏನೇನೋ ಕೇಳಿದ್ದ ಮಾತುಗಳಿದ್ದವು. ಆದರೆ ಬಂಕಿನ ಕೆಳಗೆ ಕುತ್ತಿಗೆ ಬಗ್ಗಿಸಿ ಕೂತವರ ಮುಂದೆ ಆ ಮಾತುಗಳು ನಿಲ್ಲಲಿಲ್ಲ.

ಅದಾದ ಮೇಲೆ ಅವರ ಮನೆಯ ಶುಕ್ರವಾರದ ಊಟಕ್ಕೆ ನನಗೂ ಕರೆ ಬರತೊಡಗಿತು. ಶುಕ್ರವಾರ ಸೂರ್ಯ ಮುಳುಗಿದರೆ ಯಹೂದಿಗಳ ವಾರದ ದೊಡ್ಡ ದಿನ ಶುರು. ಅವರ ಹೆಂಡತಿ, ನನಗೆ ಆಂಟಿ, ದೀಪ ಹಚ್ಚುತ್ತಿದ್ದರು, ಅಂಕಲ್ ಹಾಡುತ್ತಿದ್ದರು. ಉದ್ದನೆಯ ಮೇಜು, ಅದರಡಿಯಲ್ಲಿ ಅಲ್ ಮೀನಾದ ಕಾರ್ಪೆಟ್ಟು. ಸುತ್ತ ಇಲ್ಲಿ ಕೆಲಸಕ್ಕೆ ಬಂದ ಅವರ ಧರ್ಮದ ಕೆಲವರು, ಒಬ್ಬೊಬ್ಬರು ಒಂದೊಂದು ದೇಶದವರು. ಆಗಿನ ಕಾಲದಲ್ಲಿ ಇದನ್ನು ಯಾರೂ ಹೊರಗೆ ಹೇಳಿಕೊಂಡು ತಿರುಗುತ್ತಿರಲಿಲ್ಲ. ಯಾರೂ ತಡೆದವರಿಲ್ಲ, ಯಾರೂ ಕೇಳಿದವರಿಲ್ಲ, ಇವರೂ ಬೋರ್ಡು ಹಾಕಲಿಲ್ಲ.

ಅಂಕಲ್ ಹಾಡುವ ರಾಗದಲ್ಲಿ ಒಂದು ತಿರುವು ಇತ್ತು. ಹಾಡು ನೆಲದ ಮೇಲೆ ನಡೆಯುತ್ತಿರುವ ಹಾಗೆ ಇದ್ದು, ಒಮ್ಮೆಲೇ ಮೇಲಕ್ಕೆ ಎಳೆದು, ಕೊನೆಯಲ್ಲಿ ಕೆಳಕ್ಕೆ ಬೀಳುತ್ತಿತ್ತು. ನನಗೆ ಎಲ್ಲೋ ಕೇಳಿದ ಹಾಗೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ಕಣ್ಣು ಮಿಟುಕಿಸಿದರು.

"ಯಾರ್ಗೂ ಹೇಳ್ಬೇಡ. ಹಾಡು ಬಾಗ್ದಾದ್‌ದೇ. ಆದ್ರೆ ಈ ತಿರುವು ನಮ್ಮ ಬೀದಿಲಿ ಕಡ್ಲೆಪುರಿ ಮಾರೋನ್ದು. ಸಾಯಂಕಾಲ ನಮ್ಮಪ್ಪ ಒಳಗೆ ಹಾಡ್ತಿದ್ರು, ಅವನು ಹೊರಗೆ 'ಕಡ್ಲೇ... ಪುರೀ...' ಅಂತ ಕೂಗ್ತಿದ್ದ. ಎಷ್ಟು ವರ್ಷ ಅಂತ ಬೇರೆ ಬೇರೆ ಇರ್ತವೆ ಎರಡೂ? ಸೇರ್ಕೊಂಡ್ಬಿಟ್ವು."

ಆಂಟಿ ಅಡುಗೆಮನೆಯಿಂದಲೇ, "ಇದನ್ನ ಎಲ್ಲಾರ್ಗೂ ಹೇಳ್ಬಿಟ್ಟು ಯಾರ್ಗೂ ಹೇಳ್ಬೇಡ ಅಂತಾರೆ" ಎಂದು ಕೂಗಿದರು. ಆದರೆ ನನಗೆ ಗೊತ್ತಿರುವ ಮಟ್ಟಿಗೆ ಅವರು ಹೇಳಿದ್ದು ನನಗೊಬ್ಬನಿಗೇ. ಕಡ್ಲೆಪುರಿ ಎಂದರೆ ಏನೆಂದು ಆ ಮೇಜಿನಲ್ಲಿ ಬೇರೆ ಯಾರಿಗೆ ಗೊತ್ತು?

ಆಂಟಿ ಹೋದದ್ದು ಇದ್ದಕ್ಕಿದ್ದ ಹಾಗೆ ಹಿಡಿದ ಕಾಯಿಲೆಯಲ್ಲಿ. ಆಸ್ಪತ್ರೆಯಲ್ಲಿ ಅವರು ಗಂಡನಿಗೆ ಹೇಳಿದ್ದು ಒಂದೇ ಮಾತು: ಶುಕ್ರವಾರ ಆ ಮೇಜು ಖಾಲಿ ಇರಬಾರದು. ಅದಾಗಿ ಸ್ವಲ್ಪ ಕಾಲಕ್ಕೆ ಅಂಕಲ್ಲಿನ ವೀಸಾದ ಪ್ರಶ್ನೆ ಬಂತು. ಇಲ್ಲಿ ವಯಸ್ಸಾದವರಿಗೆ ಕಂಪನಿ ವೀಸಾ ಮುಂದುವರಿಸುವುದಿಲ್ಲ. ಕೆಲಸ ಮುಗಿದರೆ ಖಲಾಸ್, ಗಂಟು ಮೂಟೆ ಕಟ್ಟಬೇಕು. ಅವರು ಲಂಡನ್ನಿಗೆ ಮಗನ ಹತ್ತಿರ ಹೋಗುವುದೆಂದು ಆಯಿತು. ಹೋಗುವ ಮೊದಲು ಆ ಮೇಜನ್ನು ಯಾರ ಕೈಗಾದರೂ ಒಪ್ಪಿಸಬೇಕಿತ್ತು. ಪ್ರಾರ್ಥನೆ ನಡೆಸಿಕೊಡುತ್ತಿದ್ದವರು ಅವರೊಬ್ಬರೇ. ಅವರಿಲ್ಲದೆ ಹೋದರೆ ನಾಲ್ಕು ಶುಕ್ರವಾರ ಜನ ಬಂದಾರು, ಐದನೆಯದಕ್ಕೆ ಯಾರಿಗೋ ಮೀಟಿಂಗು, ಯಾರಿಗೋ ತಲೆನೋವು.

ಹೀಗೆ ಶುರುವಾಯಿತು ರಬ್ಬಿಯ ಹುಡುಕಾಟ. ರಬ್ಬಿ ಎಂದರೆ ಅವರ ಗುರು. ಇಲ್ಲೇ ಮನೆ ಮಾಡಿಕೊಂಡು ಇರುವವರು ಸಿಗುವುದು ಆಗ ಸಾಧ್ಯವಿರಲಿಲ್ಲ. ಆಗಾಗ ವಿಸಿಟ್ ವೀಸಾದಲ್ಲಿ ಬಂದು ಹೋಗುವವರು, ಉಳಿದಂತೆ ಫೋನಿಗೆ ಸಿಗುವವರು ಒಬ್ಬರಾದರೆ ಸಾಕಿತ್ತು.

ಅಂಕಲ್ ನನ್ನ ಅಂಗಡಿಗೆ ಬಂದು ಕೂತು, "ಬ್ಯಾರಿ, ನೀನು ನಿಮ್ಮೂರ್ ಮಸೀದಿ ಕಮಿಟಿ ಸೆಕ್ರೆಟರಿ ಅಲ್ವಾ? ನೀವು ಹೆಂಗೆ ಆರಿಸ್ತೀರ?" ಅಂದರು.

ನಮ್ಮ ಊರ ಜಮಾಅತ್ತಿಗೆ ದುಬೈಯಲ್ಲೊಂದು ಗಲ್ಫ್ ಕಮಿಟಿ ಇತ್ತು. ಮಸೀದಿಯಲ್ಲಿ ಪ್ರವಚನ ಮಾಡುವ ಖತೀಬರ ಸಂಬಳ ಇಲ್ಲಿಂದ ಹೋಗುವುದರಿಂದ ಅವರನ್ನು ಆರಿಸುವಲ್ಲಿ ನಮ್ಮ ಮಾತೂ ನಡೆಯುತ್ತಿತ್ತು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. "ಒಂದು ಸಲ ಕ್ಯಾಸೆಟ್ ತರಿಸಿ ಕೇಳಿದೆವು ಅಂಕಲ್. ಜೇನು ಸುರಿದ ಹಾಗೆ ಸ್ವರ. ಎಲ್ಲರೂ ಇವರೇ ಆಗ್ಬೇಕು ಅಂದರು. ಬಂದ ಮೇಲೆ ನೋಡಿದ್ರೆ, ಅವರಿಗೆ ಮೈಕ್ ಬಿಟ್ಟು ಬೇರೆ ಎಂತದೂ ಬೇಡ. ಹುಷಾರಿಲ್ಲದವರ ಮನೆಗೆ ಕರೆದ್ರೆ, ಕಾರು ಕಳಿಸಿ ಅಂತಾರೆ. ಮೈಕಿನ ಕಂಪನಿ ಬದಲಿಸಿ ಅಂತ ನಮಗೆ ಫೋನು!"

ಅಂಕಲ್ ಹೊಟ್ಟೆ ಹಿಡಿದು ನಕ್ಕರು. "ನಮ್ಮೋರ್ದೂ ಅದೇ ಕಥೆ ಆಗೋದ್ರಲ್ಲಿದೆ ಕಣೋ."

ಅವರಲ್ಲಿ ಮುಖ್ಯವಾಗಿ ಮಾತಾಡುವವರು ಮೂವರು. ಒಬ್ಬರು ದಕ್ಷಿಣ ಆಫ್ರಿಕಾದ ಡಾಕ್ಟರಮ್ಮ, ಅವರಿಗೆ ಚೆನ್ನಾಗಿ ಓದಿಕೊಂಡ ಪಂಡಿತರು ಬೇಕು. ಇನ್ನೊಬ್ಬ ಅಮೆರಿಕದ ಬ್ಯಾಂಕಿನವ, ಪುಟ್ಟ ಮಗಳ ತಂದೆ. ಮಕ್ಕಳಿಗೆ ಹಾಡು ಕಲಿಸುವವರು, ಒಳ್ಳೆಯ ಕಂಠದವರು ಅವನಿಗೆ ಬೇಕು. ಮೂರನೆಯವ ಅಬುಧಾಬಿಯ ಇಂಗ್ಲಿಷ್ ಇಂಜಿನಿಯರು. ಅವರ ಕಟ್ಟಳೆಯ ಪ್ರಕಾರ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಕಾರು ಓಡಿಸುವ ಹಾಗಿಲ್ಲ. ಆದರೆ ಕಾರು ಓಡಿಸದೆ ಅಬುಧಾಬಿಯಿಂದ ಅವನು ಬರುವುದು ಹೇಗೆ? ಕಾರಿನ ವಿಷಯ ಎತ್ತದವರು ಬೇಕು ಎಂದು ಅವನ ಹಟ. ಬರುವವರು ಬಾಯಿ ಬಿಗಿಹಿಡಿದು ನಡೆಯಬಲ್ಲವರಾಗಿರಬೇಕು, ಊರಿಗೆ ಹೋಗಿ ಪತ್ರಿಕೆಗೆ ಹೇಳಿಕೆ ಕೊಡಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಮೂವರೂ ಒಂದಾಗಿದ್ದರು.

ಮೊದಲು ಬಂದವರು ಎಳೆಯ ಪ್ರಾಯದ ಮಹಾ ಪಂಡಿತರು. ಏರ್‌ಪೋರ್ಟಿನಿಂದ ನಾನೇ ಕರೆತಂದೆ. ಶುಕ್ರವಾರ ಸಂಜೆ ಮಾತಾಡಿದರು, ಡಾಕ್ಟರಮ್ಮ ಕಣ್ಣರಳಿಸಿ ಕೇಳಿದರು. ಅಂಕಲ್ ಹಾಡಿದಾಗ ಮಾತ್ರ ಕೈ ಎತ್ತಿ ನಿಲ್ಲಿಸಿ, ಈ ತಿರುವು ತಪ್ಪು, ಯಾವ ಪದ್ಧತಿಯಲ್ಲೂ ಇಲ್ಲ ಎಂದರು. ಅಂಕಲ್ ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡರು. ಮರುದಿನ ಬೆಳಿಗ್ಗೆಯ ದೊಡ್ಡ ಪ್ರಾರ್ಥನೆಗೆ ಪಂಡಿತರು ಗಂಟೆಗಟ್ಟಲೆಯ ಉಪನ್ಯಾಸ ಸಿದ್ಧ ಮಾಡಿಕೊಂಡಿದ್ದರು. ಯಾರೂ ಬರಲಿಲ್ಲ! ಆಗ ಇಲ್ಲಿ ವಾರದ ರಜೆ ಶುಕ್ರವಾರ. ಶನಿವಾರವೆಂದರೆ ಬ್ಯಾಂಕು, ಆಸ್ಪತ್ರೆ, ಸೈಟು, ಎಲ್ಲರಿಗೂ ಹೊಸ ವಾರದ ಮೊದಲ ಡ್ಯೂಟಿ. ಅದಕ್ಕೇ ಈ ಮೇಜಿನವರು ಎಲ್ಲವನ್ನೂ ಶುಕ್ರವಾರ ಸಂಜೆಯೇ ಮುಗಿಸಿಕೊಳ್ಳುತ್ತಿದ್ದರು. ಖಾಲಿ ಕುರ್ಚಿಗಳ ಮುಂದೆ ಪಂಡಿತರು, ದೇವರ ದಿನಕ್ಕಿಂತ ನಿಮಗೆ ಸಂಬಳ ದೊಡ್ಡದಾಯಿತೇ ಎಂದು ಅಂಕಲ್ ಒಬ್ಬರನ್ನೇ ಬೈದರಂತೆ.

"ಓದಿದ್ದಾನೆ, ಸುಳ್ಳಲ್ಲ" ಅಂದರು ಅಂಕಲ್. "ಎರಡ್ ಸಾವಿರ ವರ್ಷದ ವಿಷ್ಯ ಗೊತ್ತು. ಇಲ್ಲಿ ಶನಿವಾರ ಆಫೀಸಿದೆ ಅಂತ ಯಾರನ್ನೂ ಕೇಳ್ಲಿಲ್ಲ."

ಎರಡನೆಯವರು ಬಂದರು. ಚೆಲುವ, ಸಿಹಿ ಮಾತು, ಗಂಟಲಂತೂ ಗಂಟೆ. ಬ್ಯಾಂಕಿನವ ಆಗಲೇ ಸೋತುಬಿಟ್ಟ. ನನಗೆ ಮಾತ್ರ ಮೊದಲ ಗಂಟೆಯಲ್ಲೇ ಅನುಮಾನ. ಹೇಳಿದ ರೇಟಿಗೆಲ್ಲ ಹೂಂ ಹೂಂ ಎನ್ನುವವರ ಜೊತೆ ನಾನು ವ್ಯಾಪಾರ ಮಾಡುವುದಿಲ್ಲ. ನೀವೂ ಮಾಡಬೇಡಿ. ಹಾಗೇ ಆಯಿತು. ಇಂಜಿನಿಯರನಿಗೆ ಇವರು, ದೇವರು ಕಾರಿನ ಮೀಟರ್ ನೋಡುತ್ತ ಕೂರುವುದಿಲ್ಲ ಎಂದಿದ್ದರು. ಕಟ್ಟಾ ಸಂಪ್ರದಾಯದ ಡಾಕ್ಟರಮ್ಮನಿಗೆ, ಕಾರಿನಲ್ಲಿ ಬರುವುದಕ್ಕಿಂತ ಬಾರದಿರುವುದೇ ಮೇಲು ಎಂದಿದ್ದರು. ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ದಾಟಿಸುವಾಗ ಈ ಇಬ್ಬರೂ ತಮಗೆ ಹೇಳಿದ್ದನ್ನು ಬಾಯಿ ಬಿಟ್ಟರು. ಚೆಲುವರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಪಾಪ, ಆ ನಂತರ ಅವರು ಎಷ್ಟು ಚೆನ್ನಾಗಿ ಹಾಡಿದರೂ ಯಾರ ಕಿವಿಗೂ ಹೋಗಲಿಲ್ಲ.

ಅವರು ಹೋದ ಮೇಲಿನ ವಾರ ಆ ಮೇಜಿನಲ್ಲಿ ದೊಡ್ಡ ವಾದ. ವೀಸಾ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ನಾನು ಅತಿಥಿ, ಸುಮ್ಮನಿರಬೇಕಿತ್ತು. ಆದರೆ ಸಲಹೆ ಕೊಡಲು ಸಂದರ್ಭ ಸಿಕ್ಕಿದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ.

ನನ್ನ ಅಂಗಡಿ ಇಂಗ್ಲಿಷಿನಲ್ಲೇ ಹೇಳಿದೆ. "ನೀವೆಲ್ಲ ನಿಮಗೆ ಏನು ಬೇಕು ಅಂತ ಹೇಳ್ತಾ ಇದ್ದೀರಿ. ನಮ್ಮ ಬಜಾರಲ್ಲಿ ಹಾಗೆ ಹೊರಟರೆ ಸಂಜೆಯವರೆಗೆ ತಿರುಗಿ ಖಾಲಿ ಕೈಯಲ್ಲಿ ಮನೆಗೆ ಬರಬೇಕು. ಎಲ್ಲ ಬಣ್ಣವೂ ಇರುವ ಥಾನು ಯಾವ ಮಿಲ್ಲಿನಲ್ಲೂ ನೇಯುವುದಿಲ್ಲ. ಏನು ಬಿಟ್ಟುಕೊಡ್ತೀರಿ, ಅದನ್ನು ಹೇಳಿ. ಒಬ್ಬೊಬ್ಬರಾಗಿ."

ಮೊದಲು ಡಾಕ್ಟರಮ್ಮ, ದೊಡ್ಡ ಪಾಂಡಿತ್ಯವಿಲ್ಲದಿದ್ದರೂ ನಡೆದೀತು ಎಂದರು. ಬ್ಯಾಂಕಿನವ ಕಂಠ ಬಿಟ್ಟುಕೊಟ್ಟ. ಇಂಜಿನಿಯರು ಸ್ವಲ್ಪ ಯೋಚಿಸಿ, "ಕಾರಿಗೆ ಬೈದರೂ ಬೈಯಲಿ. ನನ್ನ ಎದುರೇ ಬೈಯಲಿ" ಅಂದ. ಎಲ್ಲರೂ ನಕ್ಕರು.

ಅಂಕಲ್ ಕೊನೆಗೆ ಹೇಳಿದರು, ಅವರಿಗೆ ಇಂಗ್ಲಿಷಿನಲ್ಲಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ: "ನಾನು ನನ್ ರಾಗ ಬಿಡ್ತೀನಿ ಬ್ಯಾರಿ. ಬರೋನು ಅವ್ನ ರಾಗ ತರ್ತಾನೆ. ತರ್ಲಿ."

ನನಗೆ ಆ ಪ್ರಶ್ನೆ ಕೇಳಿದ್ದೇ ಬೇಡವಾಗಿತ್ತು ಅನ್ನಿಸಿತು. ಅಪ್ಪನ ಹಾಡು, ಆ ಬೀದಿ, ಆ ಸಾಯಂಕಾಲ, ಆಂಟಿ ಅಡುಗೆಮನೆಯಿಂದ ಕೂಗುವುದು, ಎಲ್ಲವನ್ನೂ ಅವರು ಒಂದೇ ಮಾತಿನಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಆಂಟಿಗೆ ಕೊಟ್ಟ ಮಾತು ಉಳಿಯಲು ಅದನ್ನೂ ಕೊಡಲು ಸಿದ್ಧರಿದ್ದರು.

ಮೂರನೆಯವರು ದಪ್ಪಗಿನ, ಗಡ್ಡ ನೆರೆತ, ಯುರೋಪಿನ ಯಾವುದೋ ಸಣ್ಣ ಊರಿನಲ್ಲಿ ಶಾಲಾ ಮೇಷ್ಟ್ರೂ ಆಗಿದ್ದ ಮನುಷ್ಯ. ಏರ್‌ಪೋರ್ಟಿನಿಂದ ಬರುವಾಗ ದಾರಿಯುದ್ದಕ್ಕೂ ನನ್ನ ಹತ್ತಿರ ಬರೀ ಪ್ರಶ್ನೆ. ಇಲ್ಲಿ ರಜೆ ಯಾವತ್ತು, ಬೆಳಿಗ್ಗೆ ಎಷ್ಟು ಹೊತ್ತಿಗೆ ಕೆಲಸ, ಈ ಬಿಸಿಲಲ್ಲಿ ಮಕ್ಕಳು ಎಲ್ಲಿ ಆಡುತ್ತಾರೆ. ನನಗೆ ಖುಷಿಯೋ ಖುಷಿ, ಉತ್ತರ ಕೊಡುವುದು ನನ್ನ ಜಾಯಮಾನ. ಶುಕ್ರವಾರ ಸಂಜೆ ಅವರ ಪ್ರವಚನ, ಅದೇ ಪರೀಕ್ಷೆ ಎಂದು ಎಲ್ಲರೂ ಕಾದಿದ್ದರು.

ಗುರುವಾರವೇ ಸುದ್ದಿ ಬಂತು, ಡಾಕ್ಟರಮ್ಮನ ತಂದೆ ಅವರ ಊರಿನಲ್ಲಿ ತೀರಿಕೊಂಡರು. ಅವರಲ್ಲೂ ನಮ್ಮ ಹಾಗೆಯೇ, ಮಣ್ಣು ಮಾಡಲು ತಡ ಮಾಡುವುದಿಲ್ಲ. ಡಾಕ್ಟರಮ್ಮ ವಿಮಾನ ಹಿಡಿಯುವ ಮೊದಲೇ ಎಲ್ಲ ಮುಗಿದಿತ್ತು. ಅವರು ತಮ್ಮ ಫ್ಲ್ಯಾಟಿನಲ್ಲಿ ಒಬ್ಬರೇ ಉಳಿದರು. ಅಂಕಲ್, ಮೇಷ್ಟ್ರು ಮತ್ತು ನಾನು ಹೋದೆವು. ನಾನು ಹಣ್ಣಿನ ಬುಟ್ಟಿ ಹಿಡಿದುಕೊಂಡಿದ್ದೆ.

ಡಾಕ್ಟರಮ್ಮ ತಗ್ಗಾದ ಸ್ಟೂಲಿನ ಮೇಲೆ ಕೂತಿದ್ದರು. ನನ್ನ ತುದಿನಾಲಿಗೆಯಲ್ಲಿ "ಪ್ರಾಯ ಆಗಿತ್ತಲ್ಲ" ಬಂದೇಬಿಟ್ಟಿತ್ತು. ಅಂಕಲ್ ನನ್ನ ತೋಳು ಅದುಮಿದರು. ಮೇಷ್ಟ್ರು ನೆಲದ ಮೇಲೆ ಕೂತರು, ಅಷ್ಟು ದಪ್ಪ ಮನುಷ್ಯ, ಮಂಡಿ ಮಡಚಲು ಕಷ್ಟಪಟ್ಟು. ಕೂತವರು ಕೂತೇ ಇದ್ದರು. ಹೊರಗೆ ಬೆಳಕು ಹಳದಿಯಾಯಿತು. ನನಗೋ, ಇವರು ನಾಳೆಯ ಪ್ರವಚನ ಯಾವಾಗ ಓದಿಕೊಳ್ಳುತ್ತಾರೆ ಎಂಬ ಚಿಂತೆ. ಅವರು ಗಡಿಯಾರ ನೋಡಲಿಲ್ಲ.

ಕೊನೆಗೆ ಡಾಕ್ಟರಮ್ಮ ಯಾರನ್ನೂ ನೋಡದೆ, "ನಮ್ಮಪ್ಪನಿಗೆ ಕಾರು ಪಾರ್ಕ್ ಮಾಡಲು ಕೊನೆಯವರೆಗೂ ಬರಲಿಲ್ಲ" ಎಂದರು.

"ಯಾವ ಕಾರು?" ಎಂದರು ಮೇಷ್ಟ್ರು.

ನಾನು ಅಂಕಲ್ಲಿನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಡಾಕ್ಟರಮ್ಮ ಕಾರಿನ ಬಣ್ಣ ಹೇಳಿದರು, ಅಪ್ಪ ಎಷ್ಟು ಗೋಡೆಗಳಿಗೆ ಗುದ್ದಿದ್ದರೆಂದು ಹೇಳಿದರು, ನಗುತ್ತ ನಗುತ್ತ ಅಳತೊಡಗಿದರು. ಮೇಷ್ಟ್ರು ಒಂದೊಂದೇ ಸಣ್ಣ ಪ್ರಶ್ನೆ ಕೇಳುತ್ತ ಕೂತರು.

ಲಿಫ್ಟಿನಲ್ಲಿ ಇಳಿಯುವಾಗ ಅಂಕಲ್ ಮೆಲ್ಲಗೆ ಕನ್ನಡದಲ್ಲಿ, "ಖಲಾಸ್ ಬ್ಯಾರಿ. ಸಿಕ್ಬಿಟ್ಟ" ಅಂದರು.

"ಇನ್ನೂ ಪ್ರವಚನವೇ ಆಗ್ಲಿಲ್ಲ ಅಲ್ವಾ ಅಂಕಲ್!"

"ಆಯ್ತಲ್ಲ, ನೀನು ಕೇಳ್ಲಿಲ್ವಾ?"

ಮರುದಿನದ ಪ್ರವಚನ, ಇದ್ದದ್ದು ಹೇಳಬೇಕು, ಸಾಧಾರಣ. ಕಂಠವೂ ಸಾಧಾರಣ. ಕಾರಿನ ವಿಷಯ ಕೇಳಿದಾಗ, ಓಡಿಸಬಾರದು ಎಂದೇ ಹೇಳಿದರು. ನೀವು ಗುರುವಾರ ಸಂಜೆಯೇ ಬಂದು ನಾನು ಉಳಿಯುವಲ್ಲಿ ನನ್ನ ಜೊತೆಗೇ ಉಳಿಯಿರಿ, ನನಗೂ ಜೊತೆಯಾಗುತ್ತದೆ ಎಂದೂ ಸೇರಿಸಿದರು. ಇಂಜಿನಿಯರು ಮೊದಲ ಸಲ ವಾದ ಮಾಡಲಿಲ್ಲ. ಯಾರೂ ಕೈ ಎತ್ತಿ ಮತ ಹಾಕಲಿಲ್ಲ, ಮುಂದಿನ ಭೇಟಿ ಯಾವಾಗ ಎಂದು ಕೇಳಿದರು, ಅಷ್ಟೇ.

ಮೇಷ್ಟ್ರು ಅಂಕಲ್ಲಿನ ಜೊತೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಾತಾಡಿದರು. ಒಪ್ಪಂದದ ಮಾತುಕತೆ ಎಂದು ನಾನು ಅಂದುಕೊಂಡೆ. ಕರೆದಿದ್ದರೆ ನಾಲ್ಕು ಮಾತು ಹೇಳಿಕೊಡುತ್ತಿದ್ದೆ, ಕರೆಯಲಿಲ್ಲ. ಅದಾದ ಮೇಲೆ ಅಂಕಲ್ ಬಟನ್ ಮಾಲನ್ನೆಲ್ಲ ಕಂಪನಿಗೆ ಒಪ್ಪಿಸಿ, ಮೇಜು ಮತ್ತು ಕಾರ್ಪೆಟ್ಟನ್ನು ಡಾಕ್ಟರಮ್ಮನ ಮನೆಗೆ ಸಾಗಿಸಿ, ಲಂಡನ್ನಿಗೆ ಹೋದರು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದುಕೊಂಡು, ತೀರ ಮಾತಿಲ್ಲದೆ ನಿಂತರು. ನಾನೂ ಕಲಿತಿದ್ದೆನಲ್ಲ, ನಿಂತೆ.

ಇಷ್ಟು ವರ್ಷಗಳಾದವು. ವಾರದ ರಜೆ ಈಗ ಶನಿವಾರ, ಭಾನುವಾರ ಆಗಿದೆ. ಪಂಡಿತರು ಈಗ ಬಂದಿದ್ದರೆ ಕುರ್ಚಿ ತುಂಬುತ್ತಿತ್ತೇನೋ. ಮೇಷ್ಟ್ರು ಬರುತ್ತಾರೆ, ಹೋಗುತ್ತಾರೆ. ಮೇಜು ಒಂದು ಶುಕ್ರವಾರವೂ ಖಾಲಿ ಬಿದ್ದಿಲ್ಲ ಎಂದು ಡಾಕ್ಟರಮ್ಮ ಸಿಕ್ಕಾಗಲೆಲ್ಲ ಹೇಳುತ್ತಾರೆ. ನಾನು ಮಾತ್ರ ವ್ಯಾಪಾರದ ಗಡಿಬಿಡಿಯಲ್ಲಿ ಹೋಗುವುದು ಬಿಟ್ಟಿದ್ದೆ. ಅಂಕಲ್ ಇಲ್ಲದ ಮೇಜಿನಲ್ಲಿ ಬೇರೆ ರಾಗ ಕೇಳಲು ಮನಸ್ಸಾಗಲಿಲ್ಲ ಎಂದರೂ ಸರಿಯೇ.

ಅಂಕಲ್ ತೀರಿಕೊಂಡ ಸುದ್ದಿ ಬಂದ ಮೇಲಿನ ಶುಕ್ರವಾರ ಡಾಕ್ಟರಮ್ಮ ಕರೆದರು. ಹೋದೆ. ದಾರಿಯಲ್ಲಿ ಹೇಳಬೇಕಾದ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆ. ಆ ಕಾರ್ಪೆಟ್ಟಿನ ಮೇಲೆ ಕಾಲಿಟ್ಟಾಗ ಅವೆಲ್ಲ ಬೇಡ ಅನ್ನಿಸಿತು. ಖಾಲಿ ಇದ್ದ ಕುರ್ಚಿಯಲ್ಲಿ ಕೂತೆ, ಬಾಯಿ ತೆರೆಯಲಿಲ್ಲ. ಮೇಷ್ಟ್ರೇ ಎದ್ದು ಬಂದು ಪಕ್ಕದಲ್ಲಿ ಕೂತರು. ಗಡ್ಡ ಪೂರ್ತಿ ಬಿಳಿಯಾಗಿತ್ತು.

"ಅವತ್ತು ಬಾಗಿಲು ಹಾಕಿಕೊಂಡು ನಾವು ಏನು ಮಾತಾಡಿದೆವು ಎಂದು ನಿಮಗೆ ಗೊತ್ತೇ?" ಎಂದರು. "ಅವರು, ನನ್ನ ರಾಗ ಬಿಟ್ಟಿದ್ದೇನೆ, ನಿಮ್ಮದು ಹಾಡಿ ಎಂದರು. ನಾನು ಒಪ್ಪಲಿಲ್ಲ. ನನ್ನ ಕಡೆಯಿಂದ ಅದೊಂದೇ ಷರತ್ತು. ನೀವು ಹೋಗುವ ಮೊದಲು ನನಗೆ ಕಲಿಸಬೇಕು ಎಂದೆ. ಆ ಮಧ್ಯಾಹ್ನವೆಲ್ಲ ಹಾಡಿಸಿದರು."

ಮೇಜಿನ ಆ ತುದಿಯಲ್ಲಿ ಬ್ಯಾಂಕಿನವನ ಮಗಳು, ಈಗ ಕಾಲೇಜಿಗೆ ಹೋಗುವ ಹುಡುಗಿ, ಹಾಡು ಎತ್ತಿಕೊಂಡಳು. ಎಲ್ಲರೂ ಸೇರಿದರು. ಹಾಡು ನೆಲದ ಮೇಲೆ ನಡೆದು, ನಡೆದು, ಆ ಜಾಗಕ್ಕೆ ಬಂದಾಗ ಒಮ್ಮೆಲೇ ಮೇಲಕ್ಕೆ ಎಳೆದು ಕೆಳಕ್ಕೆ ಬಿತ್ತು. ಒಬ್ಬರೂ ತಪ್ಪಲಿಲ್ಲ.

ಹಾಡು ಮುಗಿದ ಮೇಲೆ ಮೇಷ್ಟ್ರು ನನ್ನ ಕಡೆ ಬಾಗಿದರು. "ಆ ತಿರುವನ್ನು ನಾನು ಎಲ್ಲೆಲ್ಲಿ ಹುಡುಕಿದೆ! ಬಾಗ್ದಾದಿನವರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ. ನಿಮ್ಮ ಅಂಕಲ್ಲನ್ನೇ ಕೇಳಿದರೆ, ನಮ್ಮ ಬ್ಯಾರಿಯನ್ನು ಕೇಳಿ ಎಂದು ನಗುತ್ತಿದ್ದರು. ಅದು ಎಲ್ಲಿಯದು?"

ಮೇಜಿನ ಸುತ್ತ ಇದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಇಂಥ ಮಾಲು ನನ್ನ ಕೈಯಲ್ಲಿ ಹಿಂದೆಂದೂ ಇರಲಿಲ್ಲ. ನಾನು ನೀರು ಕುಡಿದೆ, ಲೋಟ ಕೆಳಗಿಟ್ಟೆ, ಸ್ವಲ್ಪ ಹೊತ್ತು ಸುಮ್ಮನಿದ್ದೆ.

"ಹೇಳ್ತೇನೆ. ಆದರೆ ಪುಕ್ಕಟೆ ಅಲ್ಲ" ಅಂದೆ. "ಮೊದಲು ಇನ್ನೊಂದು ಸಲ ಹಾಡಿ."